ಒದ್ದೆ ಘನ

ಗಣಿತದ ಕಿಟ್ಟು ಮಂಡ್ಯದಿಂದ ಬಂದಿತ್ತು, ಬಂದದ್ದು ನಿಜ.
ಬೀರುವಿನ ಬೀಗದ ಕೈ ಮಾತ್ರ
ವರ್ಗವಾದ ಹೆಡ್‌ಮಾಸ್ಟರ ಜೇಬಿನಲ್ಲೇ ಉಳಿದು
ಕೆ.ಆರ್. ಪೇಟೆಗೆ ಹೊರಟುಹೋಗಿತ್ತು.

ಆಲೆಮನೆಗೆ ಹೋದೆ.
ಬೋರಲಿಂಗಣ್ಣ ಅಟ್ಟದಿಂದ ಇಳಿಸಿಕೊಟ್ಟ
ಸೀಳುಬಿಟ್ಟ ಹಳೆಯ ಅಚ್ಚಿನ ಹಲಗೆ,
ಸಾಲಿಗೆ ಆರು ಗುಳಿ, ಎರಡು ಸಾಲು.
"ಬೆಲ್ಲಕ್ಕೆ ಬರಾಕಿಲ್ಲ ಮೇಡಂ,
ಲೆಕ್ಕಕ್ಕೆ ಬಂದ್ರೆ ತಗಂಡೋಗಿ."

ಶುಕ್ರವಾರ ಐದನೇ ಕ್ಲಾಸಿನ ಹದಿನಾಲ್ಕು ಜೊತೆ ಕೈಗಳು
ನಾಲೆ ಏರಿಯ ಜೇಡಿಮಣ್ಣು ಕಲಸಿ
ಗುಳಿಗೆ ತುಂಬಿ, ಹೆಬ್ಬೆರಳಲ್ಲಿ ಒತ್ತಿ,
ಹಲಗೆ ಬೋರಲು ಹಾಕಿ ತಟ್ಟಿದವು.
ಮೂರು ಸಲ, ಹನ್ನೆರಡರಂತೆ. ಒಂಬತ್ತು ಒಡೆದವು.
ಉಳಿದವನ್ನು ಘನ ಎನ್ನಲು ನನಗೇ ಸಂಕೋಚ:
ಬೆಲ್ಲ ಸಲೀಸಾಗಿ ಕಳಚಿ ಬೀಳಲೆಂದು
ಗುಳಿ ಬಾಯಲ್ಲಿ ಅಗಲ, ತಳದಲ್ಲಿ ತುಸು ಕಿರಿದು.
ಆದರೂ ಘನ ಅಂದೆ. ಮಕ್ಕಳು ಒಪ್ಪಿದರು.
ಆಕಾರದ ವಿಷಯದಲ್ಲಿ ಅವರು ಬಲು ಉದಾರಿಗಳು.

ಶನಿವಾರ, ಅರ್ಧಂಬರ್ಧ ಒಣಗಿದ್ದವನ್ನು
ಗೋಡೆ ಗೋಡೆ ಸೇರುವ ಮೂಲೆಗೆ ಒತ್ತರಿಸಿ
ಉದ್ದಕ್ಕೆ ಮೂರು, ಅಗಲಕ್ಕೆ ಮೂರು, ಎತ್ತರಕ್ಕೆ ಮೂರು
ಪೇರಿಸಿಟ್ಟು ಬಾಗಿಲು ಹಾಕಿಕೊಂಡು ಹೋದೆವು.

ಸೋಮವಾರ.
ಮುಟ್ಟಬಾರದು, ಕಿತ್ತು ನೋಡಬಾರದು. ಎಷ್ಟಿವೆ ಹೇಳಿ.
ಸುಹೇಬ್ ಹತ್ತೊಂಬತ್ತು ಅಂದ,
ಕಂಡಷ್ಟನ್ನೇ ಹೇಳುವ ಹುಡುಗ.
ಜೀವಿತ್ ಎದ್ದು ನಿಂತ: "ಇಪ್ಪತ್ತೇಳು ಮಿಸ್!"
ಹಿಗ್ಗಿ ಬೋರ್ಡಿನ ಕಡೆ ತಿರುಗಿದವಳು
ಯಾಕೋ ಕೇಳಿಬಿಟ್ಟೆ, ಹೆಂಗೆ ಎಣಿಸ್ದೆ ಮರಿ?
"ಮ್ಯಾಲೆ ಒಂಬತ್ತು, ಮುಂದ್ಗಡೆ ಒಂಬತ್ತು,
ಪಕ್ಕದಾಗೆ ಒಂಬತ್ತು."

ಉತ್ತರ ಸರಿ. ಹೋದ ದಾರಿ ತಪ್ಪು.
ಮೂಲೆಯ ಒಂದೇ ಘನ ಮೂರು ಸಲ ಹಾಜರಿ ಕೂಗಿದೆ,
ಅಂಚಿನವು ಎರಡೆರಡು ಸಲ,
ಗೋಡೆಗೆ ಆತುಕೊಂಡ ಮುದ್ದೆಗಳು ಬಾಯೇ ಬಿಟ್ಟಿಲ್ಲ.
ಹೆಚ್ಚಿಗೆ ಬಂದದ್ದೂ ಬಿಟ್ಟುಹೋದದ್ದೂ
ಸಂತೆಯ ತಕ್ಕಡಿಯಂತೆ ಹೇಗೋ ಸರಿತೂಗಿ
ಇಪ್ಪತ್ತೇಳು.
ಹದಿನೇಳು ವರ್ಷದ ನನ್ನ ಕೆಂಪು ಪೆನ್ನು
ಇಂಥ ಎಷ್ಟು ಇಪ್ಪತ್ತೇಳಕ್ಕೆ ರೈಟು ಎಳೆದಿದೆಯೋ.

ಸಿಂಚನ, ಮೇಲಿನ ಒಂದು ಪದರ ತೆಗಿ, ಅಂದೆ.
ಲಂಗದ ಮಡಿಲಿಗೆ ಒಂದೊಂದೇ ಇಳಿಸಿಕೊಂಡಳು.
ಈಗ ಎಣಿಸು ಜೀವಿತ್.
ಒಂಬತ್ತು, ಆರು, ಆರು. "ಇಪ್ಪತ್ತೊಂದು."
ಸಿಂಚನ ಮಡಿಲು ನೋಡಿಕೊಂಡಳು, ರಾಶಿ ನೋಡಿದಳು.
"ನಾನು ಒಂಬತ್ತು ತಗಂಡಿವ್ನಿ.
ಒಂಬತ್ತೂ ಇಪ್ಪತ್ತೊಂದೂ ಸೇರ್ಸುದ್ರೆ ಮೂವತ್ತಾಯ್ತದೆ.
ಮೂರು ಎಲ್ಲಿಂದ ಬಂದ್ವು ಮಿಸ್?"

ನಾನು ಹೇಳಲಿಲ್ಲ. ಹೇಳದಿರುವುದು ಕಷ್ಟ,
ನಾಲಿಗೆಯ ತುದಿಯಲ್ಲಿ ಸೂತ್ರ ನವೆಯುತ್ತಿರುತ್ತದೆ.
ಬಿಸಿಯೂಟದ ಕುಕ್ಕರ್ ಎರಡು ಸಲ ಕೂಗಿತು.

ಆಗ ಸುಹೇಬ್ ಬಗ್ಗಿದ.
"ಇಲ್ಲೊಂದು ಒದ್ದೆಯಾಗೈತೆ ನೋಡ್ರೋ."
ತೆಗೆದ ಪದರದ ಅಡಿ, ನಟ್ಟನಡುವೆ,
ಸುತ್ತಲಿನವೆಲ್ಲ ಬೂದಿಬಣ್ಣಕ್ಕೆ ತಿರುಗಿದ್ದರೆ
ಅದೊಂದು ಇನ್ನೂ ಕಪ್ಪು, ಹಸಿ,
ನಾಲೆಯಿಂದ ಈಗಷ್ಟೇ ಎದ್ದು ಬಂದಂತೆ ತಣ್ಣಗೆ.
ಗಾಳಿಗೆ ಸಿಕ್ಕಿಲ್ಲ. ಕಣ್ಣಿಗೆ ಸಿಕ್ಕಿಲ್ಲ.
ಇರುವೆಗಳು ಮಾತ್ರ, ಹಲಗೆಯ ಹಳೆ ಸಿಹಿಯ ಜಾಡು ಹಿಡಿದು,
ಎರಡು ದಿನ ಮೊದಲೇ ಅಲ್ಲಿಗೆ ಹೋಗಿ ಬಂದಿದ್ದವು.

ಹದಿನಾಲ್ಕು ತಲೆ ಒಂದರ ಮೇಲೊಂದು.
"ಇದ್ನ ಯಾರೂ ಎಣಿಸೇ ಇಲ್ಲ ಕಣ್ಲಾ."
"ನಾನು ಎಣಿಸಿವ್ನಿ." "ಸುಳ್ಳು, ಕಾಣ್ತಾನೇ ಇರ್ಲಿಲ್ಲ."
ಜೀವಿತ್ ಹೆಬ್ಬೆರಳು ಊರಿ ನೋಡಿದ. ಗುಳಿ ಬಿತ್ತು.
ಆಮೇಲೆ ಯಾರನ್ನೂ ಕೇಳದೆ
ಸಿಂಚನಳ ಮಡಿಲಿನವನ್ನೆಲ್ಲ ನೆಲಕ್ಕೆ ಸುರಿದುಕೊಂಡು
ಒಂದೊಂದನ್ನೇ ಕೈಯಲ್ಲಿ ಎತ್ತಿ ಎಣಿಸತೊಡಗಿದ,
ಎತ್ತಿದ್ದನ್ನು ಇನ್ನೊಂದು ಕಡೆ ಇಟ್ಟು, ತುಟಿ ಅಲ್ಲಾಡಿಸುತ್ತ.

ಬೋರ್ಡಿನ ಮೇಲೆ "ಉದ್ದ × ಅಗ" ಎಂದು
ಅರ್ಧ ಬರೆದದ್ದನ್ನು ಸೆರಗಿನಿಂದ ಒರೆಸಿದೆ.
ನಾಳೆಗಿರಲಿ.

ಸಂಜೆ ನೋಟ್‌ಬುಕ್ಕುಗಳ ಕಟ್ಟು ಬಿಚ್ಚಿದರೆ
ಜೀವಿತನ ಹಾಳೆಯಲ್ಲಿ ಹಳೆಯ 27 ಹೊಡೆದುಹಾಕಿ
ಕೆಳಗೆ ಮತ್ತೆ 27.
ರೈಟು ಹಾಕಬೇಕಾದ ಜಾಗದಲ್ಲಿ
ಮಣ್ಣಿನ ಹೆಬ್ಬೆಟ್ಟಿನ ಗುರುತು ಆಗಲೇ ಇತ್ತು.