ಕತ್ತಿ ಸೋಕದ ಜೊಂಡು

ಜೊಂಡಿಗೆ ಕತ್ತಿ ಸೋಕಬಾರದು,
ಬುಡ ಹಿಡಿದು ಕಿತ್ತೇ ತರಬೇಕು
ಎಂದಳು ಸಿಸ್ಟರ್ ಫಿಡೆಲ್ಮಾ,
ಹರಕು ಕನ್ನಡದಲ್ಲಿ, ಬಹುವಚನವೆಲ್ಲ ಮರೆತು.
ಜನವರಿಯ ಕೊನೆಯ ದಿನ. ವಿರಾಜಪೇಟೆಯ
ಕಾನ್ವೆಂಟಿನ ಹಿಂದೆ ಗದ್ದೆಯೆಲ್ಲ ಕೂಳೆ.
ತೋಡಿನ ಅಂಚಿಗೆ ಮಾತ್ರ ಒಂದಿಷ್ಟು ಹಸಿರು.

ಮೊಣಕಾಲು ಹೂತ ಕೆಸರಲ್ಲಿ ನಿಂತು ಕಿತ್ತೆ.
ಅಂಗೈ ಸೀಳಿತು.
ಅಡುಗೆಯ ಚೋಂದವ್ವ ದಡದಲ್ಲಿ ಗೊಣಗಿದಳು:
ಹುತ್ತರಿಯ ಕದಿರನ್ನೇ ಕುಡುಗೋಲಿಟ್ಟು ಕೊಯ್ಯುತ್ತೇವೆ,
ಕೋವಿ ಹಾರಿಸಿ, ದುಡಿ ಬಡಿದು;
ಈ ಹುಲ್ಲಿಗೇನು ಅಷ್ಟು ಬಿಂಕ?

ಸಿಸ್ಟರಿಗೆ ಕೇಳಿಸಿತೋ ಇಲ್ಲವೋ.
ಅವಳ ಊರಲ್ಲಿ ಇವತ್ತು ರಾತ್ರಿ
ಸಂತ ಬ್ರಿಜಿತಮ್ಮ ಮನೆಮನೆಗೆ ಬರುತ್ತಾಳಂತೆ,
ಜೊತೆಗೊಂದು ಬಿಳಿ ಹಸು, ಕಿವಿ ಮಾತ್ರ ಕೆಂಪು.
ಹಾಲೆಷ್ಟು ಕೊಡುತ್ತದೆ? ಎಂದಳು ಚೋಂದವ್ವ.
ಹಸುವೊಂದು ಅವಳಿಗೆ ಸರಿಹೋಯಿತು.

ಕತ್ತಲಾದ ಮೇಲೆ
ಎಲ್ಲರಿಗಿಂತ ಕಿರಿಯಳಾದ ನನ್ನನ್ನು
ಜೊಂಡಿನ ಹೊರೆಯೊಂದಿಗೆ ಹೊರಗೆ ನಿಲ್ಲಿಸಿ
ಬಾಗಿಲು ಹಾಕಿಕೊಂಡರು.
ಮೂರು ಸಲ ಬಡಿಯಬೇಕು.
ಒಳಗಿನವರು ಮೂರು ಸಲ ಬಾ ಎನ್ನಬೇಕು, ಅವಳ ಭಾಷೆಯಲ್ಲಿ.
ವಾರವಿಡೀ ಉರು ಹೊಡೆದಿದ್ದರು ಹುಡುಗಿಯರು.

ಬಡಿದೆ.
ಒಳಗೆ ಕಿಸಿಕಿಸಿ ನಗು. ಮತ್ತೆ ಬಡಿದೆ.
ಮಂಜು ಇಳಿಯುತ್ತಿತ್ತು. ಕಾಫಿ ತೋಟದಾಚೆ
ನರಿಯೊಂದು ಊಳಿಟ್ಟಿತು.
ತೋಳಲ್ಲಿದ್ದ ಹುಲ್ಲು ನನಗಿಂತ ಭಾರ.
ಆ ಪದ ಒಬ್ಬಳಿಗೂ ನೆನಪಾಗಲಿಲ್ಲ.

ಆಗ ಒಲೆಯ ಮುಂದಿನಿಂದ ಎದ್ದ ದನಿ,
ಕದಿರು ಹೊತ್ತವರು ಹೊಸ್ತಿಲಿಗೆ ಬಂದಾಗ
ಇನ್ನೇನು ಹೇಳುತ್ತಾರೆ ಎಂಬಂತೆ:
ಪೊಲಿ ಪೊಲಿಯೇ ದೇವಾ!

ಹುಡುಗಿಯರೆಲ್ಲ ಹಿಡಿದರು ಆ ಕೂಗನ್ನು.
ಬಾಗಿಲು ತೆರೆದದ್ದು ಸಿಸ್ಟರ್.
ಅವಳ ಮುಖ ನನಗೆ ಕಾಣಲಿಲ್ಲ,
ಲಾಟೀನು ಅವಳ ಹಿಂದಿತ್ತು.

ಆ ರಾತ್ರಿ ಅವಳು ನೇಯ್ದದ್ದು
ನಾಲ್ಕು ತೋಳಿನ ಶಿಲುಬೆ, ನಡುವೆ ಚೌಕ.
ಕಿಟಕಿಯಾಚೆ ಒಂದು ತುಂಡು ಬಟ್ಟೆ ಹರವಿದಳು.
ಬ್ರಿಜಿತಮ್ಮ ಮುಟ್ಟಿ ಹೋದರೆ ತಲೆನೋವಿಗೆ ಮದ್ದಂತೆ.
ಬೆಳಿಗ್ಗೆ ಚೋಂದವ್ವ ಅದನ್ನೆತ್ತಿ ಒಗೆದು,
ನೀಲಿ ಹಾಕಿ, ಇಸ್ತ್ರಿ ಮಾಡಿ, ಮಡಿಚಿಟ್ಟಳು.
ಸಿಸ್ಟರ್ ಏನೂ ಅನ್ನಲಿಲ್ಲ.
ಊಟವನ್ನೂ ಮಾಡಲಿಲ್ಲ.

ಆ ವರ್ಷ ತುಲಾ ಸಂಕ್ರಮಣಕ್ಕೆ
ಬಳ್ಳಿಯ ಬಳೆ ತೊಡಿಸಿದ ಕೋಲು ಗದ್ದೆಗೆ ನೆಡುವಾಗ
ಚೋಂದವ್ವ ಒಂದನ್ನು ಹೆಚ್ಚು ಮಾಡಿ
ಕಾನ್ವೆಂಟಿನ ಎಲೆಕೋಸಿನ ಮಡಿಗೆ ಚುಚ್ಚಿ ಬಂದಳು.
ಕೇಳಿದರೆ, ಹುಳ ಬೀಳದಿರಲಿ, ಎಂದಳು.
ಮಳೆ ಬಿಸಿಲಿಗೆ ಒಣಗಿ ತಾನಾಗಿ ಬೀಳುವವರೆಗೆ
ಸಿಸ್ಟರ್ ಅದನ್ನು ಕೀಳಗೊಡಲಿಲ್ಲ.

ಆ ಬಟ್ಟೆ ಈಗ ನನ್ನ ಪೆಟ್ಟಿಗೆಯಲ್ಲಿದೆ.
ಹೇಗೆ ಬಂತೆಂದು ಕೇಳಬೇಡಿ.
ತಲೆ ಸಿಡಿಯುವ ದಿನ ಹಣೆಗೆ ಕಟ್ಟಿಕೊಳ್ಳುತ್ತೇನೆ,
ಒಂದು ಮಾತ್ರೆಯನ್ನೂ ನುಂಗಿ.
ಯಾರೋ ಮುಟ್ಟಿ ಹೋದ ಗುರುತೇನಿಲ್ಲ ಅದರಲ್ಲಿ.
ಮಡಿಕೆಯ ಗೆರೆಯಲ್ಲಿ
ತುಸು ನೀಲಿ.