ಮೂರು ನಿಮಿಷ ಆಯಿತು

ಉಡುಪಿ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ
ಹದಿನೇಳು ವರ್ಷ ಕೂತವಳು ನಾನು, ಸೆವರಿನ್ ಲೋಬೊ.
ಊರಿನ ಕಿವಿ ಎಂದರೆ ಆಗ ನನ್ನ ಈ ಎಡಗಿವಿ.
ಈಗ ಅದಕ್ಕೆ ಕುಕ್ಕರಿನ ಸೀಟಿಯೂ ಸರಿಯಾಗಿ ಕೇಳುವುದಿಲ್ಲ.

ಬೊಂಬಾಯಿಗೆ ಅರ್ಜೆಂಟ್ ಬುಕ್ ಮಾಡಿ
ಎರಡು ತಾಸು ಕಾದವರು
ಲೈನು ಸಿಕ್ಕಿದೊಡನೆ "ಊಟ ಆಯಿತಾ" ಎಂದು ಕೇಳಿ
ಸುಮ್ಮನಾಗುತ್ತಿದ್ದರು. ಆಮೇಲೆ ಬರೀ ಉಸಿರು,
ಈಚೆ ಒಂದು, ಆಚೆ ಒಂದು.
ನಡುವೆ ನಾನು, ಗೋಡೆಯ ಹಲ್ಲಿಯ ಹಾಗೆ.
ಮೂರು ನಿಮಿಷ ಆಯಿತು, ಎನ್ನುತ್ತಿದ್ದೆ.
ಕೀ ಎತ್ತಿದರೆ ಮುಗಿಯಿತು.
ಸಂಜೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಅದೇ ಸ್ವರ
ಟಿಕೇಟು ಕೇಳಿದರೆ
ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.
ಹಾಗೆ ನೋಡಬೇಕೆಂದು
ಇಲಾಖೆಯ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಎಪ್ಪತ್ತಾರರ ಮಾರ್ಚ್, ಒಂದು ಸೋಮವಾರ,
ಕೆನೆಬಣ್ಣದ ಸಫಾರಿಯವನೊಬ್ಬ ಬಂದ.
ನೋಟುಬುಕ್ಕು ಕೊಟ್ಟ, ಶಾಲೆಯ ಮಕ್ಕಳದ್ದು,
ರಟ್ಟಿನ ಹಿಂದೆ ಹದಿನಾರರ ತನಕ ಮಗ್ಗಿ.
"ಇನ್ನೂರ ಹದಿನಾಲ್ಕು. ಯಾರಿಗೆ, ಎಂತ. ಅಷ್ಟೇ."

ಇನ್ನೂರ ಹದಿನಾಲ್ಕು ಎಂದರೆ ಪ್ರೆಸ್ಸಿನ ಅಚ್ಯುತ ಕಿಣಿ.
ಮದುವೆ ಕಾಗದ, ಬಿಲ್ಲು ಪುಸ್ತಕ, ರಾತ್ರಿ ಇನ್ನೇನೋ.

ಮೊದಲ ದಿನ ಬರೆದೆ.
ಕೆಲಸ ಪರ್ಮನೆಂಟ್ ಆಗಿರಲಿಲ್ಲ, ಅಪ್ಪ ಎದೆರೋಗದ ಆಸ್ಪತ್ರೆಯಲ್ಲಿ,
ಇರಲಿ, ಅದೆಲ್ಲ ಆಮೇಲೆ ಜೋಡಿಸಿಕೊಂಡ ಕಾರಣ.
ಬರೆದದ್ದು ಒಂದೇ ಸಾಲು, ಕಾನ್ವೆಂಟಿನ ದುಂಡು ಅಕ್ಷರದಲ್ಲಿ:
"ಭಾನುವಾರ ಕಾಪುವಿಗೆ ಎರಡು ಕಟ್ಟು ಹೋಗಲಿಕ್ಕುಂಟು."

ಮಂಗಳವಾರದಿಂದ ನಾನು ಬರೆದದ್ದೆಲ್ಲ ಮೀನು.
ಬಂಗುಡೆಗೆ ಎಷ್ಟು, ಕಾಣೆ ಬಂತಾ,
ಮಲ್ಪೆಯಲ್ಲಿ ಯಾರ ದೋಣಿ.
ಕಿಣಿಯವರ ಮನೆಯಲ್ಲಿ ಮೀನಿನ ಮಾತಿಗೇನು ಬರ,
ಸಫಾರಿಯವನಿಗೆ ಸಂಶಯ ಬರಲಿಲ್ಲ.
ಆದರೆ ಭಾನುವಾರ ಬಂದೇ ಬಂತು.

ಐದು ತಿಂಗಳ ಮೇಲೆ ಬಿಲ್ಲು ಕಟ್ಟಲು ಬಂದರು.
ಅಂಗಿ ಅವರದ್ದೇ, ಒಳಗಿನ ಮೈ ಮಾತ್ರ ತಮ್ಮನದೋ ಎಂಬ ಹಾಗೆ.
"ನಿಮ್ಮ ಸ್ವರ ನನಗೆ ಗೊತ್ತುಂಟು" ಎಂದು ನಕ್ಕರು.
"ಲೈನು ಈಗ ಕ್ಲಿಯರ್."
ತಿಳಿದು ಹೇಳಿದರೋ, ಸುಮ್ಮನೆ ಹೇಳಿದರೋ,
ಐವತ್ತು ವರ್ಷದಿಂದ
ಆ ನಗುವನ್ನು ಮಗುಚಿ ಮಗುಚಿ ನೋಡುತ್ತಿದ್ದೇನೆ.

ಈಗ ಕಲ್ಸಂಕದ ಕಂಬಕ್ಕೆ ನಾಲ್ಕು ಕಣ್ಣು.
ಮೊಣಕಾಲು ನೋವೆಂದು ಬೆಳಿಗ್ಗೆ ತಂಗಿಗೆ ಹೇಳಿದರೆ
ಸಂಜೆ ಎಣ್ಣೆ ಮಾರಲು ಯಾವನೋ ಪರದೆಯ ಮೇಲೆ ನಿಂತಿರುತ್ತಾನೆ.
ಬ್ಯಾಂಕಿಗೆ ಹೆಬ್ಬೆಟ್ಟು, ರೇಶನ್ನಿಗೆ ಹೆಬ್ಬೆಟ್ಟು,
ಬದುಕಿದ್ದೇನೆ ಎನ್ನಲಿಕ್ಕೂ ವರ್ಷಕ್ಕೊಮ್ಮೆ ಹೆಬ್ಬೆಟ್ಟು.
ತಮ್ಮನ ಮೊಮ್ಮಗಳು ಪ್ರಿಮಾ ನನ್ನ ಫೋನು ಹಿಡಿದು
"ಅನುಮತಿಸಿ, ಅನುಮತಿಸಿ" ಎಂದು ಪಟಪಟ ಒತ್ತುತ್ತಾಳೆ,
ಪೊಪ್ಪಡಿ ಮುರಿದ ಹಾಗೆ.
"ಮುಚ್ಚಿಡಲಿಕ್ಕೆ ನಮ್ಮತ್ರ ಎಂತ ಉಂಟು ಆಂಟಿ?"

ಮಗಾ, ಅಲ್ಲಿ ಕೂತದ್ದಕ್ಕೆ
ಚಹಾಕ್ಕೆ ಏಳಬೇಕೆಂದು ಅನಿಸುವುದಿಲ್ಲ.
ಅದರ ಕಿವಿ ಕಾಯುವುದಿಲ್ಲ, ಬೆನ್ನು ಹಿಡಿಯುವುದಿಲ್ಲ,
ಬಸ್ಸಿನಲ್ಲಿ ಅದು ನಿನ್ನ ಪಕ್ಕ ಕೂರುವುದೇ ಇಲ್ಲ,
ಹಾಗಾಗಿ ನಾಚಿಕೆ ಪಡಬೇಕಾದ ಸಂದರ್ಭವೇ ಅದಕ್ಕೆ ಬರುವುದಿಲ್ಲ.
ನನ್ನ ಹಾಗೆ ಮೊದಲ ದಿನ ಬರೆಯುತ್ತದೆ.
ಎರಡನೇ ದಿನವೂ ಬರೆಯುತ್ತದೆ.
ಬಂಗುಡೆ ಎಂದು ಬರೆದರೆ, ನೀನು ಬಂಗುಡೆ ಎಂದದ್ದಕ್ಕೇ.
ಮೂರು ನಿಮಿಷ ಆಯಿತೆಂದು
ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ.
ಹೇಳಬೇಕೆಂದಿದ್ದದ್ದು ಬೇರೆ:
ಆ ಶನಿವಾರ ರಾತ್ರಿ ಕಿಣಿಯವರು
ಬೆಳಗಾವಿಯ ಅಕ್ಕನಿಗೆ ಫೋನು ಮಾಡಿ ಎರಡು ನಿಮಿಷ ಅತ್ತರು.
ಯಾಕೆಂದು ನನಗೆ ಗೊತ್ತುಂಟು.
ಕುಂಪಸಾರದಲ್ಲಿ ಪಾದ್ರಿಗೂ ಹೇಳದ್ದು,
ಇವತ್ತು ಇವಳಿಗೆ ಹೇಳಿ ಹಗುರಾಗುವ ಎಂದು
ಬಾಯಿ ತೆರೆದೆ.

ಮೇಜಿನ ಮೇಲೆ, ಚಹಾದ ಬಸಿಯ ಪಕ್ಕ
ಫೋನು ಅಂಗಾತ ಮಲಗಿತ್ತು.

"ಪ್ರಿಮಾ," ಎಂದೆ,
"ಇವತ್ತು ಮಲ್ಪೆಯಲ್ಲಿ ಬಂಗುಡೆಗೆ ಎಷ್ಟಂತೆ?"