ಗೋಡೆಗೆ ಹಚ್ಚುವ ಹಾಳೆ

ಏಜೆನ್ಸಿಯವರು ಕೊಟ್ಟ ಪೋಸ್ಟರಿನಾಗ
"ಕಣ್ಣು ಪಿಳಕಿಸೂದ್ರಾಗ ದಿಲ್ಲಿ" ಅಂತ ಇತ್ತು.
ಕೆಂಪು ಪೆನ್ನಿಲೆ ಹೊಡೆದು ಹಾಕಿದೆ.

ಮೊನ್ನೆ ಅಣ್ಣಿಗೇರಿ ದಾವಲಬಿ
ಇದೇ ಕೌಂಟರಿಗೆ ಮೊಣಕೈ ಊರಿ ಕೇಳಿದ್ಲು:
"ವಿಮಾನ ಇಲ್ಲೇ ಮಾಳಿಗಿ ಮ್ಯಾಲ ಇಳೀತದೇನ್ರಿ?"
ಇಲ್ಲವ್ವ. ಗೋಕುಲ ರೋಡಿನ ನಿಲ್ದಾಣದ ತನಕ
ನೆಲದ ಗಾಡೀನ. ಅಲ್ಲಿ ಇಳಿದ ಮ್ಯಾಲೂ
ನೆಲದ ಗಾಡೀನ.
ನಡುವಿಂದು ಅಷ್ಟ ಆಕಾಶ.

ಹೊಸ ಹಾಳಿ ತಗೊಂಡು ಬರೀತೀನಿ:
ವಿಮಾನ ಬೇರೆ ಊರಿನಿಂದ ಬರಬೇಕಾದೀತು, ತಾಸುಗಟ್ಟಲೆ ಹಿಡಿದೀತು.
ಹಾರಬಹುದೆಂದು ಡಾಕ್ಟರು ಸಹಿ ಮಾಡಬೇಕು.
ಮಂಜು ಮುಸುಕಿದರೆ ಯಾರ ಸಹಿಗೂ ಹಾರುವುದಿಲ್ಲ.
ಖರ್ಚು ಲಕ್ಷಗಳಲ್ಲಿ. ಏನೇನು ಸೇರಿದೆ,
ಬರೆಸಿಕೊಂಡೇ ರೊಕ್ಕ ಕೊಡಿ.
ಎದೆ ಹಿಡಿದ ಗಳಿಗೆಗೆ ಮೊದಲು ೧೦೮.

"ಜೀವ ಉಳಿಸುತ್ತದೆ" ಅನ್ನೂ ಸಾಲಿಗೆ ಬಂದು
ಪೆನ್ನು ನಿಂತಿತು.
ಓಣಿ ಕೂಡಿ ಕೊಟ್ಟ ರೊಕ್ಕದಾಗ
ದಾವಲಬಿಯ ತಮ್ಮ ಹಾರಿದ. ಉಳಿದ.
ಆಕಿ ಪೇಢೆ ತಂದು ಕೊಟ್ಟು ಹೋದ್ಲು.
ಅದೇ ವಾರ ಹಾರಿದ ಇನ್ನೊಬ್ಬನ ಮನೆಯವರು
ಸ್ಟ್ರೆಚರಿನ ಚಾದರ ಅಷ್ಟ ತಂದು ಕೊಟ್ರು,
ಒಗೆದು, ಮಡಚಿ.

"ಒಯ್ಯುತ್ತದೆ" ಅಂತ ಬರೆದೆ.
ಅಂಟು ಒಣಗೂ ತನಕ
ಅಂಗೈಲೆ ಒತ್ತಿ ಹಿಡಿದೆ.